ಏರಿಯ ಕೆಳಗೆ ಯಾರೂ ಇಲ್ಲ

ನಾನು ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿ ತಂದವರನ್ನು ಸಾಲಿನಲ್ಲಿ ನಿಲ್ಲಿಸಿಕೊಂಡೇ ಬೈಯುವವಳು. ಸ್ವಂತ ದೊಡ್ಡಪ್ಪನಾದರೂ ಸರಿ, ಕ್ಯಾನನ್ನು ಹಿಂದಕ್ಕೆ ತಳ್ಳಿಬಿಡುತ್ತೇನೆ. ಹುತ್ತೂರು ಕಡೆ ಯಾರನ್ನು ಕೇಳಿದರೂ "ದೊಡ್ಡನಾರಾಯಣಪ್ಪನ ಮಗಳು ಅರ್ಪಿತಾನಾ? ಅಯ್ಯಪ್ಪಾ, ಆ ಬಾಯಿ!" ಅನ್ನುತ್ತಾರೆ. ಆ ಬಾಯಿ ಹೋದ ತಿಂಗಳು ಏನು ಮಾಡಿತು ಅಂತ ಹೇಳುತ್ತೇನೆ, ಕೇಳಿ.

ನಮ್ಮ ಜಮೀನಿನ ಮೇಲ್ಗಡೆ ಒಂದು ಕುಂಟೆಯಿದೆ, ಪುಟ್ಟ ಕೆರೆಯಂಥದ್ದು. ಸರ್ಕಾರದ್ದಲ್ಲ, ಪಂಚಾಯಿತಿಯದ್ದಲ್ಲ, ನಮ್ಮದೇ. ತಾತ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ ಮಾಡಿದ್ದು. ಅಪ್ಪನಿಗೆ ಆ ಏರಿ ಅಂದರೆ ಪ್ರಾಣ. ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿಗೆ ಮರಳಿನ ಮೂಟೆ ಪೇರಿಸಿ, ಮಳೆ ಬಂದಾಗಲೆಲ್ಲ ಇನ್ನೊಂದು ಸಾಲು ಏರಿಸಿ, ತಾತ ಅಂದುಕೊಂಡದ್ದಕ್ಕಿಂತ ಜಾಸ್ತಿ ನೀರು ನಿಲ್ಲಿಸುತ್ತಿದ್ದರು. ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಕೈಕೊಟ್ಟಾಗಲೂ ನಮ್ಮ ಹಿಪ್ಪುನೇರಳೆ ತೋಟ ಹಸಿರಾಗಿರುತ್ತಿತ್ತು. ಅಪ್ಪನಿಗೆ ಅದರ ಜಂಭವಿತ್ತು. ಸುಳ್ಳೇಕೆ, ನನಗೂ ಇತ್ತು.

ಏರಿಯ ಕೆಳಗೆ ನಮ್ಮ ಹಳೆಯ ಹುಳುಮನೆ. ರೇಷ್ಮೆಹುಳು ಸಾಕಲು ಮೇಲ್ಗಡೆ ಹೊಸ ಶೆಡ್ ಕಟ್ಟಿದ ಮೇಲೆ ಅಲ್ಲಿ ಭಾರತಮ್ಮ ಮತ್ತು ಅವರ ಗಂಡ ಕದಿರಪ್ಪ ಸಂಸಾರ ಹೂಡಿದರು. ತೋಟದ ಕೆಲಸವೆಲ್ಲ ಅವರದೇ. ನಮಗೆ ಸಂಬಂಧಿಕರಲ್ಲ. ಆದರೂ ಭಾರತಮ್ಮ ಅಪ್ಪನನ್ನು ಅಣ್ಣ ಅನ್ನುತ್ತಾರೆ, ನಾನು ಅವರನ್ನು ಅತ್ತೆ ಅನ್ನುತ್ತೇನೆ. ನಮ್ಮಮ್ಮ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದವರು ಅವರೇ. ಈಗ ಅವರ ಮಗಳು ರಂಜಿತ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

ಅಷ್ಟರಲ್ಲಿ ಎಲ್ಲೋ ಒಂದು ಕಡೆ ಯಾರದೋ ಸ್ವಂತ ಕುಂಟೆಯ ಏರಿ ಒಡೆದು ಅನಾಹುತವಾಯಿತಂತೆ. ಖಾಸಗಿ ಏರಿಗಳನ್ನೆಲ್ಲ ನೋಡಿ ದರ್ಜೆ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. ಉಮೇಶ್ ಅನ್ನುವ ಇಂಜಿನಿಯರ್ ನನಗೆ ಫೋನ್ ಮಾಡಿದರು.

"ಏರಿ ಗಟ್ಟಿಯಾಗಿದೆಯಾ ಇಲ್ವಾ ಅನ್ನೋದು ಆಮೇಲೆ ಮೇಡಂ. ಒಡೆದ್ರೆ ಯಾರಿಗೆ ಏನಾಗುತ್ತೆ ಅನ್ನೋದು ಮೊದಲು. ಕೆಳಗೆ ಜನ ವಾಸ ಇದ್ರೆ 'ಎ' ದರ್ಜೆ. ಕೋಡಿ ತಗ್ಗಿಸಬೇಕು, ರಿಪೇರಿ ಆಗೋವರೆಗೂ ನೀರು ಇಳಿಸಿಡಬೇಕು. ಬರೀ ಹೊಲ ಅಂದ್ರೆ 'ಸಿ'. ಆಗ ಅಷ್ಟೇನೂ ತಲೆಬಿಸಿ ಇಲ್ಲ."

ಅಪ್ಪನಿಗೆ ಹೇಳಿದೆ. ಹೌಹಾರಿಬಿಟ್ಟರು.

"ನೀರು ಇಳಿಸೋದಾ? ನಮ್ಮಪ್ಪ ಕಟ್ಟಿಸಿದ ಏರಿಗೆ ಮಾರ್ಕ್ಸ್ ಹಾಕೋಕೆ ಅವನ್ಯಾವನು?" ಅಂತ ಹಟ್ಟಿಯೆಲ್ಲ ಕೇಳುವ ಹಾಗೆ ಕೂಗಾಡಿದರು. ಕೂಗಿ ಸುಸ್ತಾದ ಮೇಲೆ ಮೆಲ್ಲಗೆ, "ಕೆಳಗೆ ಯಾರಿದಾರೆ? ಯಾರೂ ಇಲ್ಲ. ಅದು ಚಂದ್ರಿಕೆ ಇಡೋ ಮನೆ" ಅಂದರು.

ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟಲಿಕ್ಕೆ ಬಿಡುವ ಬಿದಿರಿನ ತಟ್ಟೆ. ಅದನ್ನು ಪೇರಿಸಿಟ್ಟ ಮನೆಯಲ್ಲಿ ಮನುಷ್ಯರು ಇರುವುದಿಲ್ಲ.

"ಮತ್ತೆ ಭಾರತಮ್ಮತ್ತೆ? ಮನೇಲಿ ಬಾಣಂತಿ ಇದಾಳಲ್ಲಪ್ಪ."

"ಒಂದು ದಿನದ ಮಟ್ಟಿಗೆ ಕಣೇ! ನೀನೇ ಹೋಗಿ ಹೇಳು. ನಿನ್ನ ಮಾತು ತೆಗೆದುಹಾಕಲ್ಲ ಅವಳು."

ನಾನು ಜಗಳ ತೆಗೆಯಬೇಕಿತ್ತು. ಒಂದು ಲೋಟ ನೀರು ಬೆರೆಸಿದ ಹಾಲಿಗೆ ಊರೆದ್ದು ಕೂರುವ ಹಾಗೆ ಕೂಗುವವಳು, ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೋದೆ.

ಭಾರತಮ್ಮತ್ತೆ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಒಳಗಿನಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು.

"ಅತ್ತೆ, ನಾಳೆ ಆಫೀಸಿನವರು ಬರ್ತಾರೆ. ಇಲ್ಲಿ ಯಾರೂ ಇರಲ್ಲ ಅಂತ ಹೇಳ್ಬೇಕಂತೆ. ರಂಜಿತನ್ನ ಒಂದು ದಿನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

ಯಾಕೆ ಅಂತ ಕೇಳುತ್ತಾರೆ, ಹೇಗೆ ಸುತ್ತಿಬಳಸಿ ಹೇಳಲಿ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಆಕೆ ಕೇಳಲೇ ಇಲ್ಲ.

"ಹಸಿ ಬಾಣಂತಿ ಅಮ್ಮಣ್ಣಿ, ದಾರೀಲಿ ಗಾಳಿ ಹೊಡೆಯಲ್ವಾ?" ಅಂದರು. ನಾನು ಬಾಯಿ ಬಿಡುವ ಮೊದಲೇ ತಾವೇ, "ಹೋಗ್ಲಿ ಬಿಡು, ಕಿವಿಗೆ ಹತ್ತಿ ಇಟ್ಟು ಕಳಿಸ್ತೀನಿ. ಅಣ್ಣಂಗೆ ಏನೂ ತೊಂದ್ರೆ ಆಗ್ಬಾರ್ದು, ಅಷ್ಟೇ" ಅಂದರು.

ಕೇಳಲಿಲ್ಲವಲ್ಲ, ಸದ್ಯ, ಅಂತ ನನಗೆ ನಿರಾಳವಾಯಿತು. ಆ ನಿರಾಳ ನೆನೆಸಿಕೊಂಡರೆ ಈಗಲೂ ಮೈ ಮೇಲೆ ಹುಳ ಹರಿದ ಹಾಗಾಗುತ್ತದೆ.

ಮಾರನೆಯ ದಿನ ಬೆಳಿಗ್ಗೆ ರಂಜಿತ ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಲ್ಲು ದಾರಿಯಲ್ಲಿ ನಿಧಾನವಾಗಿ ಹತ್ತಿ ಬಂದಳು. ಬಾಣಂತಿ ಹೊಸಿಲು ದಾಟಬಾರದು ಅಂತ ನೆಂಟರ ಮನೆಗೂ ಕಳಿಸದ ಊರು ನಮ್ಮದು. ಕೆಳಗೆ ಕದಿರಪ್ಪ ನೀರೊಲೆಯ ಕಲ್ಲು ಕಿತ್ತು, ಬೂದಿಯನ್ನು ತಿಪ್ಪೆಗೆ ಚೆಲ್ಲಿದ. ಬಟ್ಟೆ ಹಗ್ಗ ಬಿಚ್ಚಿದರು. ದೇವರ ಫೋಟೋಗಳನ್ನು ಗೋಣಿಚೀಲಕ್ಕೆ ತುಂಬಿದರು. ಬಾಗಿಲಿಗೆ ಅಡ್ಡಲಾಗಿ ಚಂದ್ರಿಕೆ ಒರಗಿಸಿದರು. ಎಷ್ಟು ಚೊಕ್ಕವಾಗಿ ಮಾಡಿದ್ದರೆಂದರೆ, ಆ ಮನೆಯಲ್ಲಿ ಯಾರೂ ಯಾವತ್ತೂ ಒಂದು ಮುದ್ದೆ ಬೇಯಿಸಿಲ್ಲವೇನೋ ಅನ್ನಿಸಿತು. ಕದಿರಪ್ಪ ಮೂಟೆಗಳನ್ನು ಹೊತ್ತು ಹೊಸ ಶೆಡ್ಡಿಗೆ ಹೋದ.

ಉಮೇಶ್ ಬಂದರು. ಮೆತ್ತಗಿನ ಮನುಷ್ಯ, ಅಪ್ಪನಿಗೆ ಕೈ ಮುಗಿದು ಮಾತಾಡಿಸಿದರು. ಏರಿಯ ಮೇಲೆ ನಡೆದು, ಕೋಡಿಯ ಮೂಟೆಗಳನ್ನು ನೋಡಿ "ಇದೇನ್ ಯಜಮಾನ್ರೇ?" ಅಂದರು. ಅಪ್ಪ ಕೇಳಿಸದವರಂತೆ ಮುಂದೆ ನಡೆದರು. ಆಮೇಲೆ ಉಮೇಶ್ ಏರಿಯ ಬುಡಕ್ಕೆ ಇಳಿದರು. ಅಲ್ಲಿ ಸದಾ ಹಸಿಯಾಗಿರುವ ಜಾಗವೊಂದಿದೆ. ಹುಲ್ಲು ಚೆನ್ನಾಗಿ ಬರುತ್ತದೆ ಅಂತ ಭಾರತಮ್ಮತ್ತೆ ಅಲ್ಲೇ ಹಸುವಿಗೆ ಕೊಯ್ಯುವುದು. ಉಮೇಶ್ ಬೂಟಿನಿಂದ ಒತ್ತಿದರೆ ಕೆಸರು ನೀರು ಮೇಲೆ ಬಂತು. ಅವರ ಮುಖ ಸಣ್ಣದಾಯಿತು.

ಅಷ್ಟು ಹೊತ್ತಿಗೆ ಭಾರತಮ್ಮತ್ತೆ ಕುಡುಗೋಲು ಹಿಡಿದು, ಹುಲ್ಲಿಗೆ ಬಂದವರ ಹಾಗೆ ಅಲ್ಲಿಗೆ ಬಂದರು. ಹಾಗೆ ಬರಬೇಕೆಂದು ಹೇಳಿಕೊಟ್ಟವಳೂ ನಾನೇ.

"ಏನಮ್ಮಾ, ಆ ಮನೇಲಿ ಯಾರಾದ್ರೂ ಇದಾರಾ?"

"ಇಲ್ಲ ಸಾರ್, ಯಾರೂ ಇರಲ್ಲ. ಚಂದ್ರಿಕೆ ಇಡ್ತೀವಿ, ಅಷ್ಟೇ."

ಉಮೇಶ್ ದೊಡ್ಡದಾಗಿ ಉಸಿರು ಬಿಟ್ಟರು. "ಸದ್ಯ! ಈ ಒಸರು ನೋಡಿ ಹೆದರಿಬಿಟ್ಟಿದ್ದೆ ಕಣಮ್ಮ. ಏರಿ ಒಳಗಿಂದ ನೀರು ದಾರಿ ಮಾಡ್ಕೊಳ್ತಿದೆ. ಒಂದು ಜೋರು ಮಳೆಗೆ ಇದು ಹೋದ್ರೆ ಮೊದಲು ನುಗ್ಗೋದು ಆ ಮನೆಗೇ. ಒಳಗಿರೋರು ಎದ್ದು ಬಾಗಿಲು ತೆಗೆಯೋಕೂ ಟೈಮ್ ಸಿಗಲ್ಲ. ಜನ ಇಲ್ಲ ಅಂದ್ಮೇಲೆ 'ಸಿ' ಹಾಕ್ತೀನಿ. ಹೋದ್ರೆ ಮಣ್ಣು ಹೋಗುತ್ತೆ, ಬಿಡಿ."

ಭಾರತಮ್ಮತ್ತೆ ಕೆಸರನ್ನು ನೋಡಿದರು. ಮನೆಯನ್ನು ನೋಡಿದರು. ಆಮೇಲೆ ಅಪ್ಪನನ್ನು ನೋಡಿದರು. ಅಪ್ಪ ತಲೆ ತಗ್ಗಿಸಿ ಟವೆಲ್ಲಿನ ಅಂಚು ತಿರುವುತ್ತಿದ್ದರು. ಕೊನೆಗೆ ಆಕೆ ನನ್ನ ಕಡೆ ತಿರುಗಿದರು. ನಿನಗೂ ಗೊತ್ತಿತ್ತಾ ಅಂತ ಬಾಯಿ ಬಿಟ್ಟು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಆದರೆ ಗೊತ್ತಾಯಿತು ಆಕೆಗೆ. ಥೂ, ಆಗ ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

"ಸಾರ್," ಅಂದೆ. "ಸಾರ್, ಇದಾರೆ. ಆ ಮನೇಲಿ ಇವರೇ ಇರೋದು. ಇವರು, ಇವರ ಯಜಮಾನ್ರು, ಮಗಳು, ಕೂಸು."

ಉಮೇಶ್ ನನ್ನನ್ನೂ ಆಕೆಯನ್ನೂ ನೋಡಿದರು. "ಏನಮ್ಮಾ, ಹೌದಾ?"

"ಇಲ್ಲ ಸಾರ್." ಭಾರತಮ್ಮತ್ತೆಯ ದನಿ ನಡುಗಿತು, ಆದರೂ ನಿಲ್ಲಲಿಲ್ಲ. "ಈ ಯಮ್ಮ ಏನೋ ತಿಳೀದೆ ಅಂತೈತೆ. ಅಣ್ಣ ಹೇಳಿದ್ದೇ ಸರಿ. ಅಲ್ಲಿ ಯಾರೂ ಇಲ್ಲ."

ಅಪ್ಪ ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು. ಹೆಗಲು ಅಲುಗುತ್ತಿತ್ತು. ನಾನು ಅವರ ಕಡೆ ಹೋಗದೆ, "ಬನ್ನಿ ಸಾರ್, ತೋರಿಸ್ತೀನಿ" ಅಂತ ಉಮೇಶರನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ನಡುಮನೆಯಲ್ಲಿ ಮುದುರಿ ಕೂತಿದ್ದ ರಂಜಿತ ಗಾಬರಿಯಿಂದ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಉಮೇಶ್ ಬಾಗಿಲಲ್ಲೇ ನಿಂತು 'ಎ' ಅಂತ ಬರೆದುಕೊಂಡು ಹೋದರು. ಹೋಗುವಾಗ ನನಗೆ ನಮಸ್ಕಾರ ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು.

ಮಧ್ಯಾಹ್ನ ಊಟವನ್ನೂ ಮಾಡದೆ ಅಪ್ಪ ಕೋಡಿಯ ಮೂಟೆಗಳನ್ನು ತಾವೇ ಎಳೆದು ಹಾಕಿದರು. ನೀರು ಹಳ್ಳದ ಕಡೆಗೆ ಇಳಿಯತೊಡಗಿತು. ಕದಿರಪ್ಪ ಸಹಾಯಕ್ಕೆ ಹೋದರೆ "ಬೇಡಪ್ಪಾ, ನೀನು ಬೇಡ" ಅಂದರಂತೆ. ನಾನು ಹೊಸ ಶೆಡ್ಡಿನ ಪಕ್ಕದ ಕೋಣೆ ಗುಡಿಸಿ, ಮಂಚ ಹಾಕಿಸಿದೆ. ಏರಿ ಸರಿಯಾಗುವ ತನಕ ಅವರು ಅಲ್ಲೇ ಇರಲಿ ಅಂತ.

ಸಂಜೆ ಭಾರತಮ್ಮತ್ತೆ ಮಗಳನ್ನು ಕರೆದೊಯ್ಯಲು ಬಂದರು. ಒಳಗೆ ಬರಲಿಲ್ಲ, ಜಗಲಿಯ ಕೆಳಗೇ ನಿಂತರು.

"ಅತ್ತೆ, ತಪ್ಪಾಯ್ತು," ಅಂದೆ. "ಬೈಯಿ ಅತ್ತೆ. ನಾಲ್ಕು ಏಟು ಹಾಕು. ಹಿಂಗೆ ಸುಮ್ನೆ ನಿಲ್ಬೇಡ."

"ನಿನ್ನೇನು ಬೈಯ್ಲಿ ಅಮ್ಮಣ್ಣಿ. ನೀನು ಕೊನೇಗಾದ್ರೂ ಹೇಳ್ದೆ."

ನಾನು ಕೂಸನ್ನು ಎತ್ತಿ ಅವರ ಕಡೆ ಚಾಚಿದೆ. ದಿನವೂ ಸೀರೆಗೆ ಕೈ ಒರೆಸಿಕೊಂಡು ಓಡಿಬಂದು ಎತ್ತಿಕೊಳ್ಳುತ್ತಿದ್ದವರು ಅವತ್ತು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಬೇಡ, ರಂಜಿತಾನೇ ಎತ್ಕೊಳ್ಲಿ," ಅಂದರು. "ಮೊದಲನೇ ಸಲ ನಾನು ಗೊತ್ತಿಲ್ದೆ ಅಂದೆ. ಎರಡನೇ ಸಲ ಎಲ್ಲಾ ಗೊತ್ತಾದ ಮೇಲೂ, ಈ ಕೂಸು ಇಲ್ಲ ಅಂದ್ನಲ್ಲೇ."