ಅತ್ತೆ ಓದಿದ ಸಾಸಿನ ಬಾಟಲಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಕಸುಬು ಮಾತ್ರ ಬೇರೆಯವರ ಮೂಗಿನ ಮೇಲೆ ಕನ್ನಡಕ ಕೂರಿಸುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಾಜಿನ ಅಂಚನ್ನು ಚಕ್ರಕ್ಕೆ ಹಿಡಿದು ಉಜ್ಜುತ್ತೇನೆ, ಚೌಕಟ್ಟಿಗೆ ಕೂರಿಸುತ್ತೇನೆ, ಎಳ್ಳಿನಷ್ಟು ಚಿಕ್ಕ ತಿರುಪುಗಳನ್ನು ಬಿಗಿ ಮಾಡುತ್ತೇನೆ. ನಮ್ಮ ನಾಯಿ ಮರಿಯಾಗಿದ್ದಾಗ ಅಂಥದ್ದೊಂದು ತಿರುಪನ್ನು ನುಂಗಿ, ಎರಡು ದಿನ ನನ್ನನ್ನು ತನ್ನ ಹಿಂದೆ ಹಿಂದೆಯೇ ಓಡಾಡಿಸಿತ್ತು. ಅವತ್ತಿನಿಂದ ಅದರ ಹೆಸರೇ ತಿರುಪು.

ಎರಡು ವರ್ಷದ ಹಿಂದೆ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ಅವರಿಗೆ ಓದುವ ಕನ್ನಡಕ ನಾನೇ ಮಾಡಿದೆ. ಬೇರೆಯವರದಕ್ಕೆ ಒಂದು ಗಂಟೆಯಾದರೆ ಅತ್ತೆಯದಕ್ಕೆ ಒಂದು ಮಧ್ಯಾಹ್ನವೇ ಹಿಡಿಯಿತು. ಹಾಕಿಕೊಂಡವರು ನನ್ನ ಕೆಲಸವನ್ನು ಹೊಗಳುತ್ತಾರೆ ಅಂತ ಕಾದು ನಿಂತಿದ್ದೆ. ಅವರು ಹೆಗಲ ಮೇಲಿದ್ದ ಟವೆಲಿನ ಮೂಲೆಯ ಚೀಟಿ ಹಿಡಿದು ಓದಿದರು: "ಬಿಸಿನೀರಿನಲ್ಲಿ ಒಗೆಯಬೇಡಿ." ಆಮೇಲೆ, "ಅಯ್ಯೋ, ಇಷ್ಟು ದಿನ ಕುದಿಯೋ ನೀರಲ್ಲೇ ಅದ್ದಿದ್ನಲ್ಲೇ!" ಎಂದು ಕಣ್ಣೊರೆಸಿಕೊಂಡರು.

ಅಲ್ಲಿಂದ ಶುರುವಾಯಿತು ನೋಡಿ. ಸೋಪಿನ ಹೊದಿಕೆ, ಬಲ್ಬಿನ ಡಬ್ಬಿ, ಔಷಧಿ ಜೊತೆ ಮಡಚಿಟ್ಟ ಉದ್ದದ ಕಾಗದ, ಯಾವುದನ್ನೂ ಬಿಡಲಿಲ್ಲ. ಎಲ್ಲವನ್ನೂ ಜೋರಾಗಿಯೇ ಓದಬೇಕು. ಇತ್ತ ಚಕ್ರದ ಸದ್ದು, ಅತ್ತ ಅತ್ತೆಯ ಓದು. ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು. "ಸಾಕು ಅತ್ತೆ" ಅನ್ನುತ್ತಿದ್ದೆ, ದಿನಕ್ಕೆ ಹತ್ತು ಸಲ.

"ನಾಯೀನ ಸಾಕು ಅಂದ್ರೆ ಸಾಕ್ತೀಯ, ನನಗೆ ಮಾತ್ರ ಬರೀ ಸಾಕು ಅಂತೀಯ" ಎಂದು ಅವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ. ಲಾರಿ ಓಡಿಸುವ ನಮ್ಮವರು ದೂರದ ಊರಿನಿಂದ ಬರುವಾಗ ಸಕ್ಕರೆ ಹಾಕದ ಟೊಮೇಟೊ ಸಾಸು ತಂದುಕೊಟ್ಟು, ಮತ್ತೆ ಲೋಡು ಹೊತ್ತು ಹೋದರು. ಆ ಸಂಜೆ ಊಟದ ಮೇಜಿನ ಮೇಲೆ ಅತ್ತೆ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದಿದರು.

"ನೀರು, ಟೊಮೇಟೊ ಪೇಸ್ಟು, ಕ್ಸೈ... ಕ್ಸೈಲಿ... ಇದನ್ನ ಹೇಗೆ ಹೇಳೋದೇ?"

"ಸಾಕು ಅತ್ತೆ! ಸಾಸು ಇರೋದು ತಿನ್ನೋಕೆ, ಓದೋಕಲ್ಲ."

ಅವರು ಬಾಟಲಿ ಕೆಳಗಿಟ್ಟರು. ಬಾಟಲಿ ಗಾಜಿನದು, ಬಾಯಿ ಅಗಲ. ಕನ್ನಡಕ ತೊಳೆಯುವ ನೀರು ತುಂಬಿಡಲು ಹೇಳಿ ಮಾಡಿಸಿದಂತಿತ್ತು. ಸಾಸನ್ನೆಲ್ಲ ಹಳೆಯ ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಗಾಜಿನದನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ಬೆಳಗ್ಗೆ ಚೀಟಿ ನೆನೆದು ಮುದ್ದೆಯಾಗಿತ್ತು. ಕೆರೆದು ಕಸಕ್ಕೆ ಹಾಕಿದೆ, ಕಸದ ಗಾಡಿಯವನು ಒಯ್ದ.

ತಿರುಪುಗೆ ಮೈ ತುರಿಕೆಯ ಮಾತ್ರೆ ನಡೆಯುತ್ತಿತ್ತು. ಬ್ರೆಡ್ಡಿನ ತುಂಡಿಗೆ ಸಾಸು ಸವರಿ, ನಡುವೆ ಮಾತ್ರೆ ಹುದುಗಿಸಿ ಕೊಡುವುದು ನನ್ನ ಹಳೆಯ ಉಪಾಯ. ಅವತ್ತು ಹೊಸ ಸಾಸು ಸವರಿದ್ದೆ. ಆ ಕಳ್ಳ ಅದನ್ನಷ್ಟೇ ನೆಕ್ಕಿ ಮಾತ್ರೆಯನ್ನು ಉಗಿದ. ಇನ್ನೊಂದು ಚಮಚ ಹಾಕಿದೆ. ಮತ್ತೆ ಉಗಿದ. ಮೂರನೆಯ ಸಲ ಸಿಟ್ಟಿನಲ್ಲಿ ಧಾರಾಳವಾಗಿ ಸುರಿದೆ. ಮಾತ್ರೆ ಒಳಗೆ ಹೋಯಿತು. ಗೆದ್ದೆ ಅಂದುಕೊಂಡು ಅಂಗಡಿಗೆ ಬಂದು ಕೂತೆ.

ಮುಕ್ಕಾಲು ಗಂಟೆ ಕಳೆದಿರಬೇಕು. ತಿರುಪು ಬಾಗಿಲಲ್ಲಿ ಕಾಣಿಸಿಕೊಂಡ. ಕಾಲಿಗೆ ಕಾಲು ತೊಡರುತ್ತಿತ್ತು. ನನ್ನತ್ತ ಬರಲು ಹೋಗಿ ಸ್ಟೂಲಿಗೆ ಡಿಕ್ಕಿ ಹೊಡೆದು, ವಾಂತಿ ಮಾಡಿ, ಪಕ್ಕಕ್ಕೆ ವಾಲಿ ಬಿದ್ದುಬಿಟ್ಟ.

ಟವೆಲಿನಲ್ಲಿ ಸುತ್ತಿಕೊಂಡು ಓಡಿದೆ. ಪ್ರಾಣಿ ಡಾಕ್ಟರಮ್ಮನ ಕ್ಲಿನಿಕ್ಕು ಎರಡು ಬೀದಿ ಆಚೆ. ಅವರು ತಿರುಪುವಿನ ಒಸಡು ನೋಡಿದರು, ಕಣ್ಣಿಗೆ ಟಾರ್ಚು ಬಿಟ್ಟರು.

"ಏನ್ ತಿಂದ?"

"ನೀವು ಕೊಟ್ಟ ಮಾತ್ರೆ."

"ಅದ್ರಿಂದ ಹೀಗಾಗಲ್ಲ. ಯಾವುದ್ರ ಜೊತೆ ಕೊಟ್ರಿ?"

"ಬ್ರೆಡ್ಡು, ಟೊಮೇಟೊ ಸಾಸು. ಸಕ್ಕರೆ ಇಲ್ಲದ್ದು. ಹೊಸದು."

ಅವರ ಕೈ ನಿಂತಿತು. "ಸಕ್ಕರೆ ಬದಲು ಏನ್ ಹಾಕಿದ್ರು ಅದಕ್ಕೆ? ಚೀಟಿ ಇದ್ಯಾ? ಒಂದೊಂದು ಕಂಪನಿ ಒಂದೊಂದು ಹಾಕುತ್ತೆ."

ಹೆಸರು ಗೊತ್ತಿಲ್ಲ, ಚೀಟಿ ಇಲ್ಲ, ನಮ್ಮವರ ಫೋನು ಸಿಗುತ್ತಿಲ್ಲ. ಆಗ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಆತುರದಲ್ಲಿ ಓದುವ ಕನ್ನಡಕವನ್ನೇ ಹಾಕಿಕೊಂಡು ಬಂದಿದ್ದರು. ಅದರಲ್ಲಿ ದೂರದ್ದೆಲ್ಲ ಮಸುಕು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋಡೆ, ಕಂಬ, ಗೇಟು ಹಿಡಿದುಕೊಂಡೇ ಎರಡು ಬೀದಿ ದಾಟಿದ್ದರು. ಡಾಕ್ಟರಮ್ಮನ ಪ್ರಶ್ನೆ ಅವರ ಕಿವಿಗೂ ಬಿದ್ದಿತ್ತು. ಏದುಸಿರು ಬಿಡುತ್ತಲೇ ಹೇಳತೊಡಗಿದರು.

"ನೀರು, ಟೊಮೇಟೊ ಪೇಸ್ಟು, ಕ್ಸೈಲಿಟಾಲು, ವಿನಿಗರ್, ಉಪ್ಪು, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ..."

"ಮೂರನೇದು ಇನ್ನೊಂದ್ಸಲ ಹೇಳಿ ಅಮ್ಮಾ!"

"ಕ್ಸೈ-ಲಿ-ಟಾಲು."

ಡಾಕ್ಟರಮ್ಮ ಆಗಲೇ ಸೂಜಿ ಹುಡುಕುತ್ತಿದ್ದರು. ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಸಕ್ಕರೆ ಪಾತಾಳಕ್ಕಿಳಿದಿತ್ತು. ಗ್ಲೂಕೋಸು ಏರಿಸುತ್ತಲೇ ವಿವರಿಸಿದರು: ಅದು ಮನುಷ್ಯರಿಗೆ ಸಿಹಿ, ನಾಯಿಗೆ ವಿಷ. ಮೊದಲು ಸಕ್ಕರೆ ಇಳಿಸುತ್ತದೆ, ಆಮೇಲೆ ಯಕೃತ್ತಿಗೇ ಕೈ ಹಾಕುತ್ತದೆ. "ಇವರು ಹೇಳದೇ ಇದ್ದಿದ್ರೆ ನಾನಿವತ್ತು ಇನ್ನೇನೋ ಹುಡುಕ್ತಾ ಹೊತ್ತು ಕಳೀತಿದ್ದೆ. ಅಷ್ಟು ಕಷ್ಟದ ಹೆಸರು ಹೇಗೆ ನೆನಪಿಟ್ಕೊಂಡ್ರಿ ಅಮ್ಮಾ?"

"ನಾಲಿಗೆ ಹೊರಳಲಿಲ್ಲ ನೋಡಿ, ಅದಕ್ಕೇ ಬಿಡೋಕೆ ಮನಸ್ಸು ಬರ್ಲಿಲ್ಲ. ಮಲಗಿದ ಮೇಲೂ ಹೇಳ್ಕೊಂಡೆ. ಬೆಳಗ್ಗೆ ಹಲ್ಲುಜ್ಜೋವಾಗ ಸರಿಯಾಗಿ ಬಂತು." ಅತ್ತೆ ನನ್ನ ಕಡೆ ನೋಡಿದರು. "ಇವಳನ್ನೂ ಕೇಳ್ದೆ. ಪಾಪ, ಅವಳಿಗೆ ಕೆಲಸ ಇತ್ತು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಗದರಿದ್ದನ್ನು ಅವರು ಅಲ್ಲಿ ಯಾರಿಗೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಮೂರು ದಿನ ತಿರುಪು ಕ್ಲಿನಿಕ್ಕಿನಲ್ಲೇ ಇದ್ದ. ಯಕೃತ್ತಿನ ಪರೀಕ್ಷೆ ಸರಿಯಾಗಿದೆ ಎಂದಾಗ ನನಗೆ ಹೋದ ಜೀವ ಬಂದಂತಾಯಿತು. ಡಾಕ್ಟರಮ್ಮ ನನಗೆ ಚೆನ್ನಾಗಿಯೇ ಬುದ್ಧಿ ಹೇಳಿ ಕಳಿಸಿದರು. ಹಳೆಯ ಸಾಸೂ ನಾಯಿಗೆ ಒಳ್ಳೆಯದೇನಲ್ಲವಂತೆ. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತ ಕೆಡಿಸುತ್ತವಂತೆ, ಸೋಯಾ ಸಾಸಿನಲ್ಲಿ ವಿಪರೀತ ಉಪ್ಪಂತೆ, ಸಾಸಿವೆ ಹೊಟ್ಟೆ ಕೆಡಿಸುತ್ತದಂತೆ. ಮಾತ್ರೆ ಹುದುಗಿಸಲು, ಉಪ್ಪು ಖಾರ ಏನೂ ಹಾಕದೆ ಬೇಯಿಸಿದ ಕೋಳಿ ಚೂರು ಸಾಕು ಎಂದರು.

ಮನೆಗೆ ಬಂದ ದಿನ ತಿರುಪು ಅತ್ತೆಯ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗಿದ. ಅತ್ತೆ ಸುಮ್ಮನೆ ಕೂತಿದ್ದರು. ಆ ಮೂರು ದಿನ ಅವರು ಏನನ್ನೂ ಜೋರಾಗಿ ಓದಿರಲಿಲ್ಲ ಅನ್ನುವುದು ಆಗ ನನ್ನ ಗಮನಕ್ಕೆ ಬಂತು. ಮನೆ ಇಷ್ಟು ನಿಶ್ಶಬ್ದವಾಗಿರಲಿ ಅಂತ ನಾನೇ ಹಂಬಲಿಸಿದ್ದೆ. ಈಗ ಅದನ್ನು ಸಹಿಸಲಾಗಲಿಲ್ಲ.

ಅವರ ಕನ್ನಡಕವನ್ನು ತೊಳೆದು, ಸಡಿಲವಾಗಿದ್ದ ತಿರುಪನ್ನು ಬಿಗಿ ಮಾಡಿ, ಅವರ ಮೂಗಿನ ಮೇಲೆ ನಾನೇ ಕೂರಿಸಿದೆ. ಆಮೇಲೆ ಅಡುಗೆಮನೆಯ ಬಾಟಲಿಗಳನ್ನೆಲ್ಲ ತಂದು ಮುಂದಿಟ್ಟೆ: ಸಾಸಿವೆ ಪೇಸ್ಟು, ಮೇಯೊನೀಸು, ಸೋಯಾ ಸಾಸು, ಮೆಣಸಿನಕಾಯಿ ಸಾಸು.

"ಓದಿ ಅತ್ತೆ. ಯಾವ್ದ್ರಲ್ಲಿ ಏನಿದೆ ಅಂತ ನಂಗೂ ಗೊತ್ತಾಗಲಿ."

ಅತ್ತೆ ನನ್ನ ಮುಖ ನೋಡಿದರು, ತಮಾಷೆಯೋ ನಿಜವೋ ಎಂದು. ಆಮೇಲೆ ಒಂದೊಂದೇ ಎತ್ತಿಕೊಂಡರು. ಅವರು ಓದಿದರು, ನಾನು ಬರೆದುಕೊಂಡೆ. ಮೆಣಸಿನಕಾಯಿ ಸಾಸಿನ ಕೊನೆಯ ಸಾಲು ಬಂತು: "ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ."

ಬಾಟಲಿ ಕೆಳಗಿಟ್ಟು, ಬೈಸಿಕೊಳ್ಳಲು ತಯಾರಾದವರ ಹಾಗೆ ಕೇಳಿದರು, "ಸಾಕಾ?"

"ಸಾಲದು ಅತ್ತೆ" ಎಂದೆ. ಎದ್ದು ಹೋಗಿ ಸೋಪಿನ ಹೊದಿಕೆಯನ್ನೂ ತಂದುಕೊಟ್ಟೆ.