ನನ್ನ ಕಡೆಯ ಕೋಲು

ಅಪ್ಪನ ಪಕ್ಕ ಕೂತು ಹಾರುವಾಗ ನನ್ನ ಬಲಗೈ ತಾನಾಗಿ ಅಲುಗುತ್ತದೆ. ಅಪ್ಪ ವಿಮಾನವನ್ನು ಎಡಕ್ಕೆ ವಾಲಿಸಿದರೆ ನನ್ನ ಕೈಯೂ ಎಡಕ್ಕೆ ವಾಲುತ್ತದೆ. ಅವರ ಕಣ್ಣಿಗೆ ಬಿದ್ದರೆ ಏನು ಗತಿ ಎಂದು ಕೈಯ ಮೇಲೆ ಚೀಲ ಇಟ್ಟುಕೊಳ್ಳುತ್ತೇನೆ. ಇಷ್ಟು ಸಣ್ಣ ವಿಷಯಕ್ಕೆ ಡೈರಿಯ ಎಷ್ಟು ಪುಟ ಹಾಳು ಮಾಡಿದ್ದೇನೋ!

ಆ ವಿಮಾನ ಹುಟ್ಟಿದ್ದು ಸಣ್ಣ ವಿಮಾನಗಳಿಳಿಯುವ ಮೈದಾನದಂಚಿನ ನಮ್ಮ ಶೆಡ್ಡಿನಲ್ಲೇ. ಅಪ್ಪ ಲೇತ್ ಕೆಲಸಗಾರ. ರಜೆಗಳನ್ನೆಲ್ಲ ಸುರಿದು ಒಂಬತ್ತು ವರ್ಷ ಕಟ್ಟಿದರು. ಅವರು ರಿವೆಟ್ ಹೊಡೆಯುವಾಗ ಒಳಗಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯುತ್ತಿದ್ದವಳು ನಾನು. ಅಕ್ಕಪಕ್ಕ ಎರಡು ಸೀಟು, ಒಬ್ಬೊಬ್ಬರ ಮೊಣಕಾಲ ನಡುವೆ ವಿಮಾನ ನಡೆಸುವ ಒಂದೊಂದು ಕೋಲು. ಎರಡೂ ಕೆಳಗೆ ಸೇರಿಕೊಂಡಿವೆ. ಯಾರು ಹಿಡಿದರೂ ವಿಮಾನ ಮಾತು ಕೇಳುತ್ತದೆ. ಆದರೆ ನನ್ನ ಕಡೆಯದು ಕಳಚುವಂಥದ್ದು. ಹಾರಿಸಲು ಬಾರದವರು ಕೂತರೆ ಪಿನ್ನು ಎಳೆದು ಕೋಲು ತೆಗೆದಿಟ್ಟರಾಯಿತು, ನಾಲ್ಕು ಬೆರಳುದ್ದದ ಕೊಳವೆ ಮಾತ್ರ ಉಳಿಯುತ್ತದೆ. ಆ ಪಿನ್ನಿನ ತೂತು ಕೊರೆದವಳೂ ನಾನೇ. "ನಿನ್ನ ಕೈ ನಡುಗಲ್ಲ ಕಣೇ" ಎಂದು ಅಪ್ಪನೇ ಡ್ರಿಲ್ ಕೊಟ್ಟಿದ್ದರು.

ಅದೇ ಕೈ ಐದು ವರ್ಷದ ಹಿಂದೆ ಒಂದು ಕೆಲಸ ಮಾಡಿತು. ಇಳಿಯುವ ಹೊತ್ತು, ರನ್‌ವೇ ಕಣ್ಣೆದುರು ಅಗಲವಾಗುತ್ತ ಬರುತ್ತಿತ್ತು. ನಾನು ಕೋಲು ಹಿಡಿದು ಎಳೆದುಬಿಟ್ಟೆ. ವಿಮಾನದ ಮೂತಿ ಥಟ್ಟನೆ ಎದ್ದಿತು. "ಬಿಡೇ!" ಎಂದು ಅಪ್ಪ ಕೂಗಿದರು. ಹೇಗೋ ಸಾವರಿಸಿ ಇಳಿಸಿದ ಮೇಲೆ ನನ್ನ ತಲೆ ಸವರಿ, "ಹೆದರಿಬಿಟ್ಯಾ ಮಗಳೇ?" ಎಂದರು.

ಹೂಂ ಎಂದೆ.

ಸುಳ್ಳು. ನೆಲ ಹತ್ತಿರವಾಗುತ್ತಿದ್ದಾಗ ಅದನ್ನು ನಾನೇ ಮುಟ್ಟಬೇಕು ಅನ್ನಿಸಿತ್ತು, ಅಷ್ಟೆ. ಹೆದರಿದವರಿಗೆ ಕ್ಷಮೆ ಸಿಗುತ್ತದೆ. ಆಸೆಪಟ್ಟವರಿಗೆ ಸಿಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅಂದಿನಿಂದ ನನ್ನ ಕಡೆಯ ಕೋಲು ಶೆಡ್ಡಿನ ಗೋಡೆಯ ಮೊಳೆಯಲ್ಲೇ ನೇತಾಡುತ್ತಿದೆ. ಹಾರುವಷ್ಟು ಹೊತ್ತೂ ಆ ಮೋಟು ಕೊಳವೆ ಅಪ್ಪನ ಕೈಗೆ ತಕ್ಕಂತೆ ನನ್ನ ಮುಂದೆ ತಲೆಯಾಡಿಸುತ್ತಿರುತ್ತದೆ. ನಾನು ಕಿಟಕಿಯಾಚೆ ನೋಡುತ್ತೇನೆ.

ಇವತ್ತು ಮಧ್ಯಾಹ್ನ ಅತ್ತೆ ಹೊಸ ಸೀಟ್ ಕವರು ಹೊಲಿದು ತಂದರು. ಅಪ್ಪನ ತಂಗಿ, ಟೈಲರ್, ಬಾಯಿಯೂ ಕತ್ತರಿಯೇ.

"ಇದೇನಣ್ಣ, ಈ ಕೊಳವೆ ಮೊಳಕೆ ಥರ ನಿಂತಿದೆ? ನನ್ನ ಕವರು ಉಜ್ಜಿ ಉಜ್ಜಿ ಹರಿದುಹೋಗುತ್ತೆ."

"ಕತ್ತರಿಸಿಬಿಡ್ತೀನಿ ಇರು. ಇವಳ ಮೊಣಕಾಲಿಗೂ ತಾಗುತ್ತೆ, ಪಾಪ. ಐದು ವರ್ಷದಿಂದ ಅಲ್ಲಿ ಕೋಲೇ ಹಾಕಿಲ್ಲ."

"ಇವಳಿಗೆ ಬೇಕೇನೋ, ಕೇಳಿದ್ಯಾ?"

"ಇವಳಿಗಾ! ಅವತ್ತು ಹೆದರಿ ಇಬ್ಬರನ್ನೂ ಮೇಲಕ್ಕೆ ಕಳಿಸ್ತಿದ್ದಳು."

"ಮೇಲೇ ಇದ್ರಲ್ಲಪ್ಪ, ಇನ್ನೆಲ್ಲಿಗೆ ಕಳಿಸ್ತಾಳೆ?"

ಇಬ್ಬರೂ ನಕ್ಕರು. ರೂಢಿಯಂತೆ ನಾನೂ ನಕ್ಕೆ.

"ಬಾ, ಟಾರ್ಚ್ ಹಿಡಿ" ಎಂದು ಅಪ್ಪ ಮಂಡಿಯೂರಿ ಕೊಳವೆಯ ಬುಡಕ್ಕೆ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದರು. ನಾನು ಕೊರೆದ ತೂತು ಗೆರೆಯ ಮೇಲಕ್ಕಿತ್ತು. ಕತ್ತರಿಸಿದರೆ ಮುಗಿಯಿತು; ನನ್ನ ಕಡೆ ಇನ್ನೆಂದೂ ಕೋಲು ನಿಲ್ಲುವುದಿಲ್ಲ. ಇದನ್ನು ಅವರು ಮಾಡುತ್ತಿದ್ದದ್ದು ನನ್ನ ಮೊಣಕಾಲಿನ ಮೇಲಿನ ಮರುಕಕ್ಕೆ. ಸಿಟ್ಟಿನಿಂದ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಡೈರಿಯಲ್ಲಿ ಆ ಆಸೆಯ ಮಾತನ್ನು ನೂರು ಸಲ ಬರೆದಿದ್ದೇನೆ. ಬಾಯಿಗೆ ಕರೆದರೆ ಮಾತ್ರ, ನೆಂಟರು ಬಂದಾಗಿನ ಮಗುವಿನ ಹಾಗೆ, ಬಾಗಿಲ ಹಿಂದೆ ಅಡಗಿಕೊಳ್ಳುತ್ತದೆ.

ಗರಗಸ ಶುರುವಾಯಿತು. ಲೋಹದ ಪುಡಿ ಸಣ್ಣಗೆ ಉದುರತೊಡಗಿತು.

"ಅಪ್ಪಾ" ಎಂದೆ. ನನಗೇ ಕೇಳಲಿಲ್ಲ. ಅವರ ತೋಳು ಹಿಡಿದೆ. ಗರಗಸ ನಿಂತಿತು.

"ಏನೇ? ಕಣ್ಣಿಗೆ ಪುಡಿ ಬಿತ್ತಾ?"

ಅತ್ತೆಯೂ ತಿರುಗಿ ನೋಡಿದರು. ಹೂಂ ಅನ್ನಬಹುದಿತ್ತು. ಕಣ್ಣು ಹೇಗೂ ಒದ್ದೆಯಾಗಿತ್ತು, ಯಾರಾದರೂ ನಂಬುತ್ತಿದ್ದರು.

"ಇಲ್ಲಪ್ಪಾ. ಅವತ್ತು ನಾನು ಹೆದರಿರಲಿಲ್ಲ. ನಾನೇ ಇಳಿಸಬೇಕು ಅಂತ ಹಿಡ್ಕೊಂಡೆ."