ಮೂರು ಗೂಟ, ಮೂರು ಮಣಿ, ಮೂವತ್ತಾರು ನಡೆ

ನಾನು ಒಂದು ಹಲಗೆ. ಮೈಮೇಲೆ ಮೂರು ಗೂಟ, ಮೂರು ಮಣಿ. ಆದರೆ ಆಟದ ಸಾಮಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನನ್ನನ್ನು ಮಾಡಿದ ಚನ್ನಪಟ್ಟಣದ ಖಲೀಲ್ ಸಾಬರೇ ಅದನ್ನು ಕೊನೆಯವರೆಗೂ ನಂಬಲಿಲ್ಲ.

ಅವರು ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಮಣಿಗಳನ್ನು ದುಂಡಗೆ ಕಡೆದರು. ಅರಗಿನ ಕಡ್ಡಿ ಒತ್ತಿ ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ಹಳದಿ ಬಣ್ಣ ಕೊಟ್ಟರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಗೂಟಗಳ ಸರದಿ ಬಂದಾಗ, ಮಾಡಿಸಲು ಕೊಟ್ಟಿದ್ದ ನಕ್ಷೆಯಲ್ಲೇ ತಪ್ಪಿದೆ ಎಂದುಕೊಂಡು ಮೂರನ್ನೂ ಒಂದೇ ಎತ್ತರಕ್ಕೆ ಮಾಡಿಟ್ಟರು. ಒಯ್ಯಲು ಬಂದ ಫಿಲೋಮಿನಾ ಮೇಡಂ ತಲೆ ಮೇಲೆ ಕೈಹೊತ್ತರು.

"ಒಂದು ಉದ್ದ, ಒಂದು ಮೀಡಿಯಂ, ಒಂದು ಗಿಡ್ಡ ಮಾಡಿದ್ರೆ ನೋಡಿದೋರು ಏನಂತಾರೆ ಮೇಡಂ? ಖಲೀಲ್‌ಗೆ ಕಣ್ಣು ಮಂಜಾಯ್ತು ಅಂತಾರೆ" ಎಂದರು ಸಾಬರು.

"ಹಾಗೇ ಬೇಕು ಮಾರಾಯ್ರೆ. ಉದ್ದದ್ದರಲ್ಲಿ ಮೂರು ಮಣಿ ಕೂತ್ಕೊಳ್ಬೇಕು, ನಡುವಿನದ್ದರಲ್ಲಿ ಎರಡು, ಗಿಡ್ಡದ್ದರಲ್ಲಿ ಒಂದೇ."

"ಎಳೆದ್ರೆ ಓಡಲ್ಲ, ಅಲ್ಲಾಡಿಸಿದ್ರೆ ಸದ್ದು ಬರಲ್ಲ. ಯಾವ ಮಗು ಆಡುತ್ತೆ ಇದ್ರಲ್ಲಿ?"

"ಆಡ್ಲಿಕ್ಕೆ ಅಲ್ಲ, ಅಳೀಲಿಕ್ಕೆ. ಮಕ್ಕಳ ತಲೆ ಹೇಗೆ ಕೆಲಸ ಮಾಡ್ತದೆ ಅಂತ ಅಳೀಲಿಕ್ಕೆ."

ಸಾಬರು ಎರಡು ಗೂಟಗಳ ನೆತ್ತಿ ಕೊಯ್ದು ಕೊಟ್ಟರು. ನನ್ನನ್ನು ಕಾಗದದಲ್ಲಿ ಸುತ್ತುವಾಗಲೂ ಪಾಪ ಎನ್ನುವಂತೆ ನೋಡಿದರು. ನನಗೋ ಕುತೂಹಲ ಹೊಟ್ಟೆ ತುಂಬ. ತಲೆಯನ್ನು ಅಳೆಯುವುದೆಂದರೆ ಏನು, ಅದೂ ಮೂರು ಮಣಿಯಿಂದ?

ಫಿಲೋಮಿನಾ ಡಿಸೋಜ ಮಂಗಳೂರಿನವರು. ಬೆಂಗಳೂರಿನ ಒಂದು ಸಂಶೋಧನಾ ವಿಭಾಗದಲ್ಲಿ ಮನಶ್ಶಾಸ್ತ್ರದ ಕೆಲಸ. ಹನ್ನೆರಡರಿಂದ ಹದಿನಾರರ ಮಕ್ಕಳಲ್ಲಿ 'ಕಾರ್ಯನಿರ್ವಾಹಕ ಸಾಮರ್ಥ್ಯ' ಎಷ್ಟಿದೆ ಎಂದು ಅಳೆಯುವುದು ಅವರ ಯೋಜನೆ. ಹೆಸರು ಕೇಳಿ ಹೆದರಬೇಡಿ, ನಾನೂ ಮೊದಲು ಹೆದರಿದ್ದೆ. ಕೈ ಹಾಕುವ ಮುಂಚೆ ಯೋಚಿಸುವುದು, ಮುಂದಿನ ಹೆಜ್ಜೆ ಲೆಕ್ಕ ಹಾಕುವುದು, ನಿಯಮ ನೆನಪಿಟ್ಟುಕೊಳ್ಳುವುದು, ಒಂದು ದಾರಿ ಕೆಟ್ಟರೆ ಇನ್ನೊಂದು ಹಿಡಿಯುವುದು, ಅಷ್ಟೇ ಅದು. ಆ ವಯಸ್ಸಿನಲ್ಲಿ ಕಾಲು ಓಡಿದಷ್ಟು ವೇಗವಾಗಿ ಇದು ಬೆಳೆಯುವುದಿಲ್ಲವಂತೆ.

ನನ್ನ ಕೆಲಸ ಸುಲಭದ್ದು. ಪ್ರತಿ ಸಲ ಶುರುವಿನಲ್ಲಿ ಗೂಟಕ್ಕೊಂದು ಮಣಿ ಇರುತ್ತದೆ. ಮೇಡಂ ಒಂದು ಚಿತ್ರ ತೋರಿಸುತ್ತಾರೆ. ಮಗು ಒಂದು ಸಲಕ್ಕೆ ಒಂದೇ ಮಣಿ ಎತ್ತಿ, ಆದಷ್ಟು ಕಡಿಮೆ ನಡೆಗಳಲ್ಲಿ ನನ್ನನ್ನು ಆ ಚಿತ್ರದ ಹಾಗೆ ಮಾಡಬೇಕು. ಇಂಥ ಹನ್ನೆರಡು ಚಿತ್ರ. ಮಣಿ ಗೂಟ ಬಿಟ್ಟಿತೆಂದರೆ ಒಂದು ನಡೆ. ಚಿತ್ರ ತೋರಿಸಿದ ಮೇಲೆ ಮೊದಲ ಮಣಿ ಎತ್ತುವವರೆಗೆ ಎಷ್ಟು ಹೊತ್ತು ಸುಮ್ಮನೆ ನೋಡಿದರು ಎಂಬುದು ಯೋಚನೆಯ ಸಮಯ. ಮೇಡಂ ಅದನ್ನು ಗಡಿಯಾರ ಒತ್ತಿ ಬರೆದುಕೊಳ್ಳುತ್ತಾರೆ.

ಇನ್ನೊಂದು ಕಟ್ಟುನಿಟ್ಟೂ ಇತ್ತು. ಮಗುವಿನ ಮುಖ ನೋಡಬಾರದು. ನೋಡಿದರೆ ನಮ್ಮ ಹುಬ್ಬೇ ಉತ್ತರ ಹೇಳಿಕೊಟ್ಟೀತು ಎಂದು ಅವರ ಗುರುಗಳು ಕಲಿಸಿದ್ದರಂತೆ. ಹಾಗಾಗಿ ಮೇಡಂ ಗೂಟ, ಗಡಿಯಾರ, ಹಾಳೆ ಇಷ್ಟನ್ನೇ ನೋಡುತ್ತಿದ್ದರು. ಮುಖ ನೋಡುತ್ತಿದ್ದವನು ನಾನೊಬ್ಬನೇ, ಅದೂ ಕೆಳಗಿನಿಂದ. ಎಂಥೆಂಥ ಗಲ್ಲಗಳನ್ನು ನೋಡಿದ್ದೇನೆ! ನಾಲಿಗೆ ಕಚ್ಚಿಕೊಳ್ಳುವವರು, ಮೂಗಿನೊಳಗೆ ಬೆರಳಿಟ್ಟು ಲೆಕ್ಕ ಹಾಕುವವರು, ಮೊದಲು ಎತ್ತಿ ಆಮೇಲೆ ಅಯ್ಯಯ್ಯೋ ಎನ್ನುವವರು. ಕೋಲಾರದ ಹುಡುಗನೊಬ್ಬ ಹಸಿರು ಮಣಿಯನ್ನು ಜೇಬಿಗೇ ಹಾಕಿಕೊಂಡು ಮುಗೀತು ಅಂದಿದ್ದ.

ಹೀಗೆ ಊರೂರು ಸುತ್ತುತ್ತ ಬಾಗಲಕೋಟೆ ಸೀಮೆಯ ಒಂದು ನೇಕಾರರ ಊರಿನ ಪ್ರೌಢಶಾಲೆಗೆ ಬಂದೆವು. ಅಲ್ಲಿ ಒಂಬತ್ತನೆಯ ತರಗತಿಯ ಬನಶಂಕರಿ ನನ್ನ ಮುಂದೆ ಬಂದು ಕೂತಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಬೆರಳ ತುದಿಯಲ್ಲಿ ನೂಲು ಕೊಯ್ದ ಸಣ್ಣ ಗೀರುಗಳು. ಮೇಡಂ ಎಂದಿನಂತೆ ಹೇಳಿದರು: "ಇದು ಆಟ ಅಲ್ಲ, ಒಂದು ಕೆಲಸ ಅಂತ ತಿಳ್ಕೊ. ಅವಸರ ಬೇಡ."

ಹುಡುಗಿ ತಲೆಯಾಡಿಸಿದಳು. ಚಿತ್ರ ತೋರಿಸಿದ್ದೇ ತಡ, ಕೆಂಪು ಮಣಿ ಎತ್ತಿ ಕಣ್ಣಿಗೊತ್ತಿಕೊಂಡು ಅಲ್ಲೇ ಇಟ್ಟಳು. ಹಸಿರು ಎತ್ತಿ ಒತ್ತಿಕೊಂಡು ಅಲ್ಲೇ ಇಟ್ಟಳು. ಆಮೇಲೆ ಹಳದಿ. ಅದಾದ ಮೇಲೆ ಕೈ ಮಡಚಿ, ಚಿತ್ರವನ್ನೂ ನನ್ನನ್ನೂ ದಿಟ್ಟಿಸಿ ನೋಡಿ, ಟಕಟಕನೆ ಮೂರೇ ನಡೆಯಲ್ಲಿ ಮುಗಿಸಿದಳು. ನನಗೆ ರೋಮಾಂಚನವಾಯಿತು. ಅಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ, ಅಷ್ಟು ಚೆಂದವಾಗಿ ಯಾರೂ ಬಿಡಿಸಿಯೂ ಇರಲಿಲ್ಲ.

ಹಾಳೆಯಲ್ಲಿ ಮೇಡಂ ಬರೆದದ್ದು ಇಷ್ಟು: ಯೋಚನೆಯ ಸಮಯ ಒಂದು ಸೆಕೆಂಡು, ನಡೆ ಆರು.

ಅಲ್ಲ, ಅಲ್ಲ ಎಂದು ಕೂಗಬೇಕೆನಿಸಿತು. ಮರಕ್ಕೆ ಬಾಯೆಲ್ಲಿ? ಹನ್ನೆರಡು ಚಿತ್ರಕ್ಕೂ ಹಾಗೇ ಆಯಿತು. ಮೇಡಂ ತಲೆ ಎತ್ತಲಿಲ್ಲ. ಮಣಿ ಗೂಟ ಬಿಟ್ಟದ್ದು, ಮತ್ತೆ ಅಲ್ಲೇ ಕೂತದ್ದು, ಇಷ್ಟೇ ಅವರ ಕಣ್ಣಿಗೆ ಬಿದ್ದದ್ದು.

ಅಂದು ಮಧ್ಯಾಹ್ನ ಹೆಡ್ ಮಾಸ್ತರ ಹಂಪಣ್ಣವರ ಕೋಣೆಯಲ್ಲಿ ಚಹಾ ಬಂತು. ನಾನು ಮೇಡಂ ತೊಡೆಯ ಮೇಲಿನ ಚೀಲದಲ್ಲಿದ್ದೆ. ಮಾಸ್ತರು ಒಳ್ಳೆಯವರೇ, ಆದರೆ ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಬರಬೇಕೆಂಬ ಹುಚ್ಚು ಹತ್ತಿತ್ತು. "ನಮ್ಮ ಹುಡುಗ್ರು ಹೆಂಗ ಅದಾರ್ರೀ ಮೇಡಂ?" ಎಂದು ಕೇಳಿದರು.

ಮೇಡಂ ಬಿಸ್ಕತ್ತು ಅದ್ದುತ್ತ ಅಂದೇಬಿಟ್ಟರು. "ಒಳ್ಳೇದುಂಟು. ಆ ಬನಶಂಕರಿ ಒಬ್ಬಳದ್ದು ಮಾತ್ರ ಕಷ್ಟ. ಯೋಚನೆ ಮಾಡುವ ಮುಂಚೆಯೇ ಕೈ ಹಾಕ್ತಾಳೆ."

ಒಂದು ಮಗುವಿನ ಅಂಕಿಯನ್ನು ಹೊರಗೆ ಹೇಳಬಾರದೆಂದು ಅವರೇ ನೂರು ಸಲ ಬೇರೆಯವರಿಗೆ ಬುದ್ಧಿ ಹೇಳಿದ್ದರು. ಅಂದು ಚಹಾ ಬಿಸಿಯಾಗಿತ್ತು, ಬಾಯಿ ಜಾರಿತು.

ಗುರುವಾರದಿಂದ ಬನಶಂಕರಿಯ ಜಾಗ ಖಾಲಿ ಬಿತ್ತು. ಶುಕ್ರವಾರ ಸಂಜೆ ಶಾಲೆಯ ಜಗಲಿಯಲ್ಲಿ ಕೂತು ಹಾಳೆಗಳನ್ನು ಕೂಡಿಸುತ್ತಿದ್ದ ಮೇಡಂ ಅವಳ ಹಾಳೆಗೆ ಬಂದು ನಿಂತರು. ಪೆನ್ಸಿಲ್ ತುದಿ ಕಚ್ಚಿದರು. ಮತ್ತೆ ಕೂಡಿಸಿದರು. ಸುಲಭದ ಚಿತ್ರಕ್ಕೂ ಬೇಕಾದದ್ದಕ್ಕಿಂತ ಮೂರು ನಡೆ ಹೆಚ್ಚು, ಕಷ್ಟದ ಚಿತ್ರಕ್ಕೂ ಹೆಚ್ಚುಕಡಿಮೆ ಅಷ್ಟೇ. ಎರಡು ಕಡೆ ಮಾತ್ರ ನಾಲ್ಕು.

"ಇದೆಂತದು? ದುಡುಕುವವರು ಇಷ್ಟು ನಿಯತ್ತಾಗಿ ದುಡುಕ್ತಾರಾ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ನನಗೆ ಕುಣಿಯಬೇಕೆನಿಸಿತು. ಮೇಡಂ ಎದ್ದು ಹೋಗಿ ಹುಡುಗಿ ಎಲ್ಲಿ ಎಂದು ಮಾಸ್ತರನ್ನು ವಿಚಾರಿಸಿದರು. "ಹತ್ತನೇತ್ತಾಕ ಕಳಿಸೂದು ಬ್ಯಾಡ ಅಂತ ಅವರಪ್ಪಗ ಹೇಳೀನ್ರಿ. ಆಕಿ ಪಾಸಾಗೂದಿಲ್ಲಂತ ಮೊದಲ ಅನಸಿತ್ರಿ, ನಿಮ್ಮ ಪರೀಕ್ಷಾದಾಗೂ ಶಾಣ್ಯಾ ಅಲ್ಲಂತ ಬಂತಲ್ಲ. ಸೋಮವಾರ ಹತ್ತನೇತ್ತಾದ ಹುಡುಗ್ರ ಪಟ್ಟಿ ಕಳಿಸ್ತೀವಿ, ಆಕಿ ಹೆಸರು ಬಿಟ್ಟೀವಿ" ಎಂದರು ಮಾಸ್ತರು. ಮೇಡಂ ಅವಳ ಮನೆಯ ದಾರಿ ಕೇಳಿಕೊಂಡರು.

ಶನಿವಾರ ಬೆಳಿಗ್ಗೆ ನಾವು ಬನಶಂಕರಿಯ ಮನೆಯಲ್ಲಿದ್ದೆವು. ಅಪ್ಪ ಮಳಿಯಪ್ಪ ಕೈಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಅಂದು ಹೊಸ ಸೀರೆ ಹೂಡುವ ದಿನ. ಮೇಡಂ ಮಾತು ತೆಗೆಯಬೇಕೆನ್ನುವಷ್ಟರಲ್ಲಿ ಹುಡುಗಿ ಚರಕದಿಂದ ಎದ್ದು ಬಂದಳು. ಕೈಯಲ್ಲಿ ನೂಲು ಸುತ್ತಿದ ಪುಟ್ಟ ಕಂಡಿಕೆಗಳು. ಮೊದಲ ಕೆಂಪು ಕಂಡಿಕೆಯನ್ನು ಕಣ್ಣಿಗೊತ್ತಿಕೊಂಡು ಅಪ್ಪನ ಬಳಿ ಇಟ್ಟಳು. ಆಮೇಲೆ ಹಸಿರಿನ ಮೊದಲನೆಯದು, ಆಮೇಲೆ ಹಳದಿಯದು. ಅಪ್ಪ ಅಷ್ಟೂ ಹೊತ್ತು ಲಾಳಿ ಮುಟ್ಟದೆ ಕಾದ.

ಮೇಡಂ ನೆಲದ ಮೇಲೆ ಕುಸಿದು ಕೂತರು. "ದೇವರೇ, ಮೂರು" ಎಂದರು.

ಚೀಲದಿಂದ ನನ್ನನ್ನು ತೆಗೆದು ಮುಂದಿಟ್ಟು ಕೇಳಿದರು, "ಅವತ್ತೂ ಹೀಗೇ ಮಾಡಿದೆಯಾ?"

"ಹೂಂರಿ" ಎಂದಳು ಬನಶಂಕರಿ. "ನೀವ ಹೇಳಿದ್ರಲ್ಲರಿ, ಆಟ ಅಲ್ಲ, ಕೆಲಸ ಅಂತ. ಚಿತ್ರ ಬದಲಾದಂಗ ಹೊಸಾ ಕೆಲಸ ಆತಲ್ರಿ. ನಮಸ್ಕಾರ ಮಾಡದ ಹೆಂಗ ಹಿಡೀಲಿ?"

"ಆಮೇಲೆ ಯೋಚನೆ ಮಾಡಿದೆಯಾ?"

"ಮಾಡದ ಹೆಂಗ್ರಿ? ಒಂದು ಎಳಿ ತಪ್ಪಿದ್ರ ಅಂಚು ಪೂರಾ ಬಿಚ್ಚಬೇಕಾಕ್ಕತಿ."

ಮೇಡಂ ಅತ್ತುಬಿಟ್ಟರು. ಅಳೆಯುವವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಮಳಿಯಪ್ಪ ಗಾಬರಿಯಾಗಿ ನೀರು ತರಿಸಿದ. "ನಮಗೇನ ತಿಳೀತದರಿ? ಶಾಣ್ಯಾ ಅಲ್ಲಂತ ಕಟಗಿ ಯಂತ್ರದಾಗ ಬಂದೈತಿ ಅಂದ್ರು ಮಾಸ್ತರು. ಮಾಸ್ತರ ಮಾತು ಹೆಂಗ ತಗದ ಹಾಕೂದು ಅಂತ ಮನಿಯಾಗ ಇಟಗೊಂಡೆ" ಎಂದ. ಕಟ್ಟಿಗೆ ಯಂತ್ರವೆಂದರೆ ನಾನೇ. ನಾಚಿಕೆಯಿಂದ ನನ್ನ ಅರಗು ಕರಗುವಂತಾಯಿತು.

"ಯಂತ್ರದ್ದು ತಪ್ಪಲ್ಲ, ನನ್ನದು" ಎಂದರು ಮೇಡಂ.

"ಇನ್ನೊಮ್ಮೆ ಮಾಡ್ಲೇನ್ರಿ?" ಎಂದು ಹುಡುಗಿ ಆಸೆಯಿಂದ ಕೈ ಚಾಚಿದಳು. ಮೇಡಂ ಬೇಡವೆಂದರು. ಒಮ್ಮೆ ಬಿಡಿಸಿದ ಮಗು ಮತ್ತೆ ಬಿಡಿಸಿದರೆ ಯೋಚನೆಯ ಬದಲು ನೆನಪನ್ನು ಅಳೆದಂತಾಗುತ್ತದೆ. ಹಳೆಯ ಹಾಳೆಯೇ ಸಾಕ್ಷಿ ಹೇಳಬೇಕಿತ್ತು. ಅಲ್ಲೇ ಮಗ್ಗದ ಪಕ್ಕ ಕೂತು ಹನ್ನೆರಡು ಚಿತ್ರಗಳಿಂದ ಮೂರು ಮೂರು ಕಳೆದರು. ಮೂವತ್ತಾರು ನಡೆ ಹೋದವು. ಉಳಿದದ್ದು ಆ ಶಾಲೆಯಲ್ಲೇ ಎಲ್ಲರಿಗಿಂತ ಕಡಿಮೆ.

ನೇರ ಹೆಡ್ ಮಾಸ್ತರ ಮನೆಗೆ ಹೋದೆವು. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅಳತಿ ಅಂದಮ್ಯಾಲೆ ಅಳತಿರಿ. ಮೂರು ದಿನಕ್ಕೊಂದು ಬ್ಯಾರೆ ಆದ್ರ ಹೆಂಗ?" ಎಂದರು.

"ಅಳತೆ ಬೇರೆ ಆಗ್ಲಿಲ್ಲ ಸರ್, ನಾನು ನೋಡ್ಲಿಲ್ಲ. ಇನ್ನೊಂದು ಮಾತು. ಅವಳಿಗೆ ನಿಜವಾಗಿಯೇ ಕಮ್ಮಿ ಬಂದಿದ್ರೂ ಇದರ ಮೇಲೆ ಹೆಸರು ಬಿಡ್ಲಿಕ್ಕೆ ಇಲ್ಲ. ನಾನು ನಿಮ್ಮ ಹತ್ರ ಬಾಯಿ ಬಿಡಲೇಬಾರದಿತ್ತು. ಬರೆದು ಕೊಡ್ತೇನೆ, ಬೇಕಾದ್ರೆ ನನ್ನ ಮೇಲಿನವರಿಗೆ ಕಳಿಸಿ."

ಬರೆದುಕೊಟ್ಟರು, ಸಹಿ ಹಾಕಿದರು. ಮಾಸ್ತರು ಅದನ್ನು ಎರಡು ಸಲ ಓದಿದರು. ಎರಡನೆಯ ಸಲ ಓದುವಾಗ ಅವರ ಗಲ್ಲ ಸಡಿಲವಾದದ್ದು ನನಗೆ ಕಂಡಿತು. ಒಳಗೆ ಹೋಗಿ ಪಟ್ಟಿ ತಂದು, ಕೊನೆಯ ಸಾಲಿನ ಕೆಳಗೆ ಬನಶಂಕರಿಯ ಹೆಸರು ಸೇರಿಸಿದರು. "ಆಕಿ ಫೇಲ್ ಆದ್ರ ನೀವ ಜವಾಬ್ದಾರಿ ನೋಡ್ರಿ" ಎಂದರು, ಅರ್ಧ ತಮಾಷೆ, ಅರ್ಧ ನಿಜ.

ಮುಂದಿನ ವರ್ಷದ ಬೇಸಿಗೆಯಲ್ಲಿ ಮೇಡಂ ಹೆಸರಿಗೆ ಒಂದು ಕಾರ್ಡು ಬಂತು. 'ಪಾಸಾಗೇನಿ. ಗಣಿತದಾಗ ಎಂಬತ್ತೊಂದು. ಕಟಗಿ ಯಂತ್ರಕ್ಕ ನಮಸ್ಕಾರ ಹೇಳ್ರಿ.' ಮೇಡಂ ಅದನ್ನು ನನ್ನ ಪೆಟ್ಟಿಗೆಯಲ್ಲೇ ಇಟ್ಟರು. ಇವತ್ತಿಗೂ ನನ್ನ ಅಡಿಯಲ್ಲಿದೆ. ನಿಯಮದ ಪುಸ್ತಕಕ್ಕೂ ಅವರು ಒಂದು ಸಾಲು ಸೇರಿಸಿದರು: ಗಡಿಯಾರ ಒತ್ತುವ ಮುಂಚೆ ಒಮ್ಮೆ ಮಗುವನ್ನು ನೋಡಿ.

ಆಮೇಲೆ ನಾನು ಇನ್ನೂ ಎಷ್ಟೋ ಶಾಲೆ ಸುತ್ತಿದೆ. ಬಣ್ಣ ಮಾಸಿತು, ಗಿಡ್ಡ ಗೂಟ ಅಲ್ಲಾಡತೊಡಗಿತು. ಕೊನೆಗೆ ಗಾಜಿನ ಪರದೆಯ ಟ್ಯಾಬ್‌ಗಳು ಬಂದವು. ಅದರಲ್ಲೂ ಮೂರು ಗೂಟ, ಮೂರು ಮಣಿಗಳ ಚಿತ್ರ. ಬೆರಳು ತಗುಲಿದ ಗಳಿಗೆಯನ್ನು ಅದು ತಾನೇ ಬರೆದುಕೊಳ್ಳುತ್ತದೆ, ಭಾರಿ ಚುರುಕು. ಅದು ಯಾರ ಮುಖ ನೋಡುತ್ತದೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನನ್ನನ್ನು ಉಗ್ರಾಣಕ್ಕೆ ಸಾಗಿಸಿದರು. ಒಂಬತ್ತು ವರ್ಷ ಧೂಳು ತಿಂದೆ. ಗುಜರಿಗೆ ಹಾಕುವ ಪಟ್ಟಿಯಲ್ಲಿ ನನ್ನ ಹೆಸರೂ ಬಂತು. ನಿವೃತ್ತಿಯ ದಿನ ಫಿಲೋಮಿನಾ ಮೇಡಂ ಬಂದು, ಆ ಪಟ್ಟಿಯಿಂದ ನನ್ನನ್ನು ಹೊಡೆದುಹಾಕಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಈಗ ನಾವಿಬ್ಬರೂ ಮಂಗಳೂರಿನಲ್ಲಿ, ಅವರ ತಂಗಿಯ ಮನೆಯಲ್ಲಿದ್ದೇವೆ. ಕಿಟಕಿಯ ಪಕ್ಕದ ಮೇಜು ನನ್ನ ಜಾಗ. ಮೇಡಂಗೆ ಎಪ್ಪತ್ತೆರಡು. ಕೈ ನಡುಗುತ್ತದೆ, ಮಾತಾಡುತ್ತ ಹೆಸರುಗಳು ತಪ್ಪಿಹೋಗುತ್ತವೆ, ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ನೋಡಿ ಬರುತ್ತಾರೆ. ಅವರು ಜೀವಮಾನವಿಡೀ ಮಕ್ಕಳಲ್ಲಿ ಅಳೆದ ಆ ಸಾಮರ್ಥ್ಯ ಅವರಿಂದ ಮೆಲ್ಲಗೆ ಜಾರುತ್ತಿದೆ. ನನಗೆ ಸಂಕಟವಾಗುತ್ತದೆ.

ಬೆಳಿಗ್ಗೆ ಕಾಫಿಯಾದ ಮೇಲೆ ಅವರು ನನ್ನ ಮುಂದೆ ಕೂರುತ್ತಾರೆ. ಹಳೆಯ ಚಿತ್ರಗಳಲ್ಲಿ ಒಂದನ್ನು ಎದುರಿಗೆ ಒರಗಿಸುತ್ತಾರೆ. ಗಡಿಯಾರ ಇಲ್ಲ, ಹಾಳೆ ಇಲ್ಲ. ಕೆಲವು ದಿನ ಬಿಡಿಸುತ್ತಾರೆ, ಕೆಲವು ದಿನ ನಡುವೆ ದಾರಿ ತಪ್ಪಿ ನಕ್ಕುಬಿಡುತ್ತಾರೆ. ಆದರೆ ಶುರು ಮಾಡುವ ಮುಂಚೆ ಒಂದು ಕೆಲಸ ಮಾತ್ರ ಒಂದು ದಿನವೂ ಮರೆತಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕೆಂಪು ಮಣಿ ಎತ್ತಿ ಕಣ್ಣಿಗೊತ್ತಿಕೊಂಡು ಅಲ್ಲೇ ಇಡುತ್ತಾರೆ. ಆಮೇಲೆ ಹಸಿರು. ಆಮೇಲೆ ಹಳದಿ.

ಆ ಮೂರನ್ನು ನಾನು ಎಣಿಸುವುದಿಲ್ಲ.